ಪುಸ್ತಕದ 91, ಬಂಕಿನ 91: ವೇಗದ ದೋಣಿಗೆ ಯಾವ ಪೆಟ್ರೋಲ್?

ಎಲ್ಲರಿಗೂ ನಮಸ್ಕಾರ. ಈ ಪಿಸ್ಟನ್ ಅನ್ನು ಕೈಯಿಂದ ಕೈಗೆ ದಾಟಿಸಿ, ಎಲ್ಲರೂ ನೋಡಿ. ತಲೆಯ ಅಂಚನ್ನು ಬೆರಳಿನಿಂದ ಸವರಿ. ಇಲಿ ಕಡಿದ ಹಾಗಿದೆ, ಅಲ್ವಾ? ರಿಂಗ್ ಕೂರುವ ಜಾಗ ಒಡೆದುಹೋಗಿದೆ. ಆಯಿಲ್ ಕಡಿಮೆಯಾಗಿ ಆದದ್ದಲ್ಲ ಇದು. ನೀರು ಕಟ್ಟಿ ಬಿಸಿಯಾದದ್ದೂ ಅಲ್ಲ. ದೋಣಿಯ ಮಾಲೀಕರು ಕಾಸು ಉಳಿಸಲು ಹೋಗಿದ್ದವರೂ ಅಲ್ಲ. ಇಂಜಿನ್ ಜೊತೆ ಬಂದ ಅಮೆರಿಕದ ಪುಸ್ತಕದಲ್ಲಿ 91 ಆಕ್ಟೇನ್ ಎಂದಿತ್ತು. ಅವರು ಹಾಕಿಸಿದ್ದೂ 91ರ ಪೆಟ್ರೋಲನ್ನೇ. ಆದರೆ ಆ ಎರಡು 91 ಒಂದೇ ಅಲ್ಲ.

ಮೊದಲು ಆಕ್ಟೇನ್ ಎಂದರೆ ಏನು ಎಂದು ನೋಡೋಣ. ಆಕ್ಟೇನ್ ಜಾಸ್ತಿಯಾದರೆ ಪವರ್ ಜಾಸ್ತಿ ಎಂದು ಬಹಳ ಜನ ನಂಬಿದ್ದಾರೆ. ಹಾಗಲ್ಲ. ಆಕ್ಟೇನ್ ಪೆಟ್ರೋಲಿನ ಶಕ್ತಿಯಲ್ಲ, ಅದರ ತಾಳಿಕೆ. ಸಿಲಿಂಡರಿನಲ್ಲಿ ಗಾಳಿ ಮತ್ತು ಪೆಟ್ರೋಲನ್ನು ಅದುಮುತ್ತೇವೆ, ಬಿಸಿ ಏರುತ್ತದೆ. ಪ್ಲಗ್ ಕಿಡಿ ಹಾರಿಸಿದ ಮೇಲೆ ಬೆಂಕಿ ಒಂದು ಕಡೆಯಿಂದ ಹರಡಿಕೊಂಡು ಹೋಗಬೇಕು. ತಾಳಿಕೆ ಸಾಲದಿದ್ದರೆ ಮೂಲೆಯಲ್ಲಿ ಉಳಿದ ಮಿಶ್ರಣ ಬೆಂಕಿ ತಲುಪುವ ಮೊದಲೇ ತಾನಾಗಿ ಸಿಡಿಯುತ್ತದೆ. ಅದೇ ನಾಕಿಂಗ್. ನಿಮ್ಮ ಕೈಯಲ್ಲಿರುವ ಪಿಸ್ಟನ್ ಒಂದೇ ಏಟಿಗೆ ಹಾಗಾದದ್ದಲ್ಲ. ಚಿಕ್ಕ ಸುತ್ತಿಗೆಯಲ್ಲಿ ನಿಮಿಷಕ್ಕೆ ಸಾವಿರಾರು ಏಟು ಬಿದ್ದ ಹಾಗೆ.

ಐಸೋಆಕ್ಟೇನ್ ಎಂಬ ದ್ರವಕ್ಕೆ 100 ಅಂಕ, ಹೆಪ್ಟೇನಿಗೆ ಸೊನ್ನೆ. 1926ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ಗ್ರಹಾಂ ಎಡ್ಗರ್ ಕೊಟ್ಟ ಅಳತೆ ಇದು. ನಮ್ಮ ಪೆಟ್ರೋಲ್ ಇವೆರಡರ ಯಾವ ಮಿಶ್ರಣದಷ್ಟು ತಾಳುತ್ತದೆಯೋ ಅದೇ ಅದರ ಅಂಕ. ನಾಡದೋಣಿಗೆ ಸೀಮೆಎಣ್ಣೆ ಇಂಜಿನ್ ಇಟ್ಟವರು ಇಲ್ಲಿ ಇದ್ದೀರಿ. ಸೀಮೆಎಣ್ಣೆಯ ಆಕ್ಟೇನ್ ಪೆಟ್ರೋಲಿನ ಅರ್ಧವೂ ಇಲ್ಲ. ಆದರೂ ನಿಮ್ಮ ಇಂಜಿನ್ ಓಡುತ್ತದೆ. ಯಾಕೆಂದರೆ ಅದರ ಕಂಪ್ರೆಷನ್, ಅಂದರೆ ಮಿಶ್ರಣವನ್ನು ಅದುಮುವ ಪ್ರಮಾಣ, ಅಷ್ಟು ಕಡಿಮೆ ಇಟ್ಟಿದ್ದಾರೆ. ಆ ಇಂಜಿನಿಗೆ 100 ಆಕ್ಟೇನ್ ಪೆಟ್ರೋಲ್ ಹಾಕಿದರೆ ದುಡ್ಡು ಹೋಗುತ್ತದೆ, ವೇಗ ಬರುವುದಿಲ್ಲ.

ಹಾಗಾದರೆ ಜಾಸ್ತಿ ಆಕ್ಟೇನ್ ಬೇಕಾಗುವುದು ಯಾರಿಗೆ? ನನಗೆ ಈ ವಿಷಯ ಮನಸ್ಸಿಗೆ ಇಳಿದದ್ದು ಎರಡನೇ ಮಹಾಯುದ್ಧದ ಪಿಟಿ ದೋಣಿಗಳ ಬಗ್ಗೆ ಓದಿದಾಗ. ಅಮೆರಿಕದ ನೌಕಾಪಡೆಯ ಮರದ ಟಾರ್ಪಿಡೋ ದೋಣಿಗಳವು. ಎಲ್ಕೋ ಕಂಪನಿಯ ದೋಣಿ 80 ಅಡಿ ಉದ್ದ. ಒಳಗೆ ಪ್ಯಾಕಾರ್ಡ್‌ನ ಮೂರು ವಿ-12 ಇಂಜಿನ್. ಒಂದೊಂದೂ ಮೊದಲು 1,200 ಅಶ್ವಶಕ್ತಿ, ಆಮೇಲೆ 1,500. ಅಷ್ಟು ಶಕ್ತಿ ಬಂದದ್ದು ಸೂಪರ್‌ಚಾರ್ಜರ್‌ನಿಂದ. ಅದು ಗಾಳಿಯನ್ನು ಒತ್ತಿ ಒತ್ತಿ ಸಿಲಿಂಡರಿಗೆ ತುಂಬುತ್ತದೆ. ಒತ್ತಿದ ಗಾಳಿಗೆ ಸಾಮಾನ್ಯ ಪೆಟ್ರೋಲ್ ತಾಳುವುದಿಲ್ಲ. ಅದಕ್ಕೇ ಅವರು ವಿಮಾನದ 100 ಆಕ್ಟೇನ್ ಪೆಟ್ರೋಲ್ ತುಂಬಿಸುತ್ತಿದ್ದರು. ಒಂದು ದೋಣಿಗೆ 3,000 ಗ್ಯಾಲನ್, ಅಂದರೆ 11,000 ಲೀಟರಿಗೂ ಮೇಲೆ. ಅದರ ಅಪಾಯ ಸಣ್ಣದಲ್ಲ. 1943ರ ಆಗಸ್ಟ್‌ನಲ್ಲಿ ಸಾಲೊಮನ್ ದ್ವೀಪಗಳ ಹತ್ತಿರ ಜಪಾನಿನ ಯುದ್ಧನೌಕೆಯೊಂದು ಪಿಟಿ-109 ದೋಣಿಯನ್ನು ಸೀಳಿಕೊಂಡು ಹೋಯಿತು. ಪೆಟ್ರೋಲ್ ನೀರಿನ ಮೇಲೆ ಹರಡಿ ಉರಿಯಿತು. ಇಬ್ಬರು ನಾವಿಕರು ಸತ್ತರು. ಆ ದೋಣಿಯ ನಾಯಕ ಮುಂದೆ ಅಮೆರಿಕದ ಅಧ್ಯಕ್ಷನಾದ ಜಾನ್ ಕೆನಡಿ. ಇಷ್ಟು ಅಪಾಯ ಗೊತ್ತಿದ್ದೂ ಆ ಪೆಟ್ರೋಲನ್ನೇ ಹಾಕಿದ್ದು ಸುಮ್ನೆ ಅಲ್ಲ. ಆ ಇಂಜಿನ್‌ಗೆ ಬೇರೆ ದಾರಿ ಇರಲಿಲ್ಲ. ಇವತ್ತಿನ ಟರ್ಬೊ ಅಥವಾ ಸೂಪರ್‌ಚಾರ್ಜರ್ ಇರುವ, ಕಂಪ್ರೆಷನ್ ಜಾಸ್ತಿ ಇರುವ ದೋಣಿ ಇಂಜಿನ್‌ಗಳಿಗೂ ಇದೇ ಲೆಕ್ಕ.

ಈಗ ಆ ಎರಡು 91ಕ್ಕೆ ಬರುತ್ತೇನೆ. ಆಕ್ಟೇನ್ ಅಳೆಯಲು ಎರಡು ಪರೀಕ್ಷೆ ಇವೆ. ಒಂದರಲ್ಲಿ ಪರೀಕ್ಷೆಯ ಇಂಜಿನ್ 600 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 600 ಸುತ್ತಿನಲ್ಲಿ, ಹಗುರವಾಗಿ ಓಡುತ್ತದೆ. ಅಲ್ಲಿ ಸಿಗುವುದು ಆರ್‌ಓಎನ್ (RON). ಇನ್ನೊಂದರಲ್ಲಿ 900 ಆರ್‌ಪಿಎಂ, ಒಳಗೆ ಹೋಗುವ ಮಿಶ್ರಣವನ್ನೂ ಮೊದಲೇ ಕಾಯಿಸುತ್ತಾರೆ. ಅದು ಎಂಓಎನ್ (MON). ಕಷ್ಟದ ಪರೀಕ್ಷೆಯಾದ್ದರಿಂದ ಅಂಕ ಎಂಟರಿಂದ ಹತ್ತು ಕಡಿಮೆ ಬರುತ್ತದೆ. ಭಾರತದಲ್ಲಿ, ಯುರೋಪಿನಲ್ಲಿ ಹೇಳುವುದು ಆರ್‌ಓಎನ್. ಅಮೆರಿಕದ ಬಂಕ್‌ನಲ್ಲಿ ಬರೆಯುವುದು ಎರಡರ ಸರಾಸರಿ, ಎಕೆಐ (AKI). ಅಲ್ಲಿನ 87 ಎಂದರೆ ಇಲ್ಲಿನ 91, ಹೆಚ್ಚುಕಡಿಮೆ. ಅಲ್ಲಿನ 91 ಎಂದರೆ ಇಲ್ಲಿನ 95 ಅಥವಾ 96. ಪುಸ್ತಕ ತೆರೆದಾಗ ಅಂಕವನ್ನಷ್ಟೇ ಓದಬೇಡಿ, ಪಕ್ಕದ ಅಕ್ಷರವನ್ನೂ ಓದಿ. ದೋಣಿಯ ಹಿಂದೆ ಹೊರಗಡೆ ಕಟ್ಟುವ ಸಾಮಾನ್ಯ ಔಟ್‌ಬೋರ್ಡ್ ಇಂಜಿನ್‌ಗಳಲ್ಲಿ ಹೆಚ್ಚಿನವು ಕೇಳುವುದು ಅಮೆರಿಕದ 87. ಅವಕ್ಕೆ ನಮ್ಮ ಸಾದಾ 91 ಸಾಕಿತ್ತು. ಪೆಟ್ಟು ಬೀಳುವುದು ದೊಡ್ಡ ಇಂಜಿನ್ ತರಿಸಿದವರಿಗೆ.

ಕಾರಿನಲ್ಲಿ ಇಷ್ಟು ತೊಂದರೆ ಆಗುವುದಿಲ್ಲ, ದೋಣಿಯಲ್ಲಿ ಯಾಕೆ ಆಗುತ್ತದೆ? ಕಾರಿಗೆ ಇಳಿಜಾರು ಇದೆ, ಸಿಗ್ನಲ್ ಇದೆ, ಆಗಾಗ ಉಸಿರು ಬಿಡುತ್ತದೆ. ದೋಣಿಗೆ ಇಳಿಜಾರೇ ಇಲ್ಲ. ಪ್ರೊಪೆಲ್ಲರ್ ಕೇಳುವ ಶಕ್ತಿ ವೇಗದ ಘನದಷ್ಟು ಏರುತ್ತದೆ. ಅರ್ಧ ಆರ್‌ಪಿಎಂನಲ್ಲಿ ಎಂಟರಲ್ಲಿ ಒಂದು ಪಾಲು ಸಾಕು, ಪೂರ್ತಿ ತಿರುಗಿಸಿದರೆ ಎಂಟೂ ಬೇಕು. ಅಂದರೆ ದೋಣಿ ನಿಲ್ಲುವ ಧಕ್ಕೆಯ ಹತ್ತಿರ ನಿಧಾನ ಓಡಿಸಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಥ್ರಾಟಲ್ ಪೂರ್ತಿ ಕೊಟ್ಟಾಗ ನಾಕಿಂಗ್ ಶುರುವಾಗುತ್ತದೆ, ಆಗ ಗಾಳಿ ಮತ್ತು ಅಲೆಯ ಸದ್ದಿನಲ್ಲಿ ಅದು ಕಿವಿಗೆ ಬೀಳುವುದಿಲ್ಲ. ಹೊಸ ಇಂಜಿನ್‌ಗಳಲ್ಲಿ ನಾಕ್ ಸೆನ್ಸರ್ ಇರುತ್ತದೆ. ಕಿಡಿಯನ್ನು ತಡ ಮಾಡಿ ಪಿಸ್ಟನ್ ಉಳಿಸುತ್ತದೆ, ಪವರ್ ಕಡಿಮೆಯಾಗುತ್ತದೆ. ಸೆನ್ಸರ್ ಇಲ್ಲದಿದ್ದರೆ ಪ್ಲಗ್ ಬಿಚ್ಚಿ ನೋಡಿ. ಬಿಳಿ ಪಿಂಗಾಣಿಯ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿದ ಹಾಗೆ ಸಣ್ಣ ಚುಕ್ಕೆಗಳಿದ್ದರೆ, ಹೊಳೆಯುವ ಅಲ್ಯುಮಿನಿಯಂ ಕಣಗಳಿದ್ದರೆ, ಪಿಸ್ಟನ್ ಕರಗಲು ಶುರುವಾಗಿದೆ.

ಇನ್ನೊಂದು ಮಾತು, ಇದನ್ನು ಮೆಕ್ಯಾನಿಕ್‌ಗಳು ದಯವಿಟ್ಟು ಕೇಳಿ. ಪಿಚ್, ಅಂದರೆ ಒಂದು ಸುತ್ತಿಗೆ ಮುಂದೆ ತಳ್ಳುವ ದೂರ, ಜಾಸ್ತಿ ಇರುವ ಪ್ರೊಪೆಲ್ಲರ್ ಹಾಕಿದರೆ ಇಂಜಿನ್ ತನ್ನ ಪೂರ್ತಿ ಆರ್‌ಪಿಎಂ ಮುಟ್ಟುವುದಿಲ್ಲ. ಟಾಪ್ ಗೇರಿನಲ್ಲಿ ಘಾಟಿ ಹತ್ತಿಸಿದ ಹಾಗೆ ಒದ್ದಾಡುತ್ತದೆ. ಅಲ್ಲಿ ಒಳ್ಳೆಯ ಪೆಟ್ರೋಲೂ ನಾಕ್ ಆಗಬಹುದು. ಮೊದಲು ಪ್ರೊಪೆಲ್ಲರ್ ಸರಿಮಾಡಿ, ಆಮೇಲೆ ಪೆಟ್ರೋಲನ್ನು ಬೈಯಿರಿ.

ಈಗ ಎಥನಾಲ್, ಅಂದರೆ ಪೆಟ್ರೋಲಿಗೆ ಬೆರೆಸುವ ಆಲ್ಕೋಹಾಲ್. 2023ರ ಫೆಬ್ರವರಿ 6ರಂದು ನಮ್ಮ ಬೆಂಗಳೂರಿನಲ್ಲೇ ಶೇ. 20 ಎಥನಾಲ್ ಇರುವ ಇ20 ಪೆಟ್ರೋಲ್ ಬಿಡುಗಡೆಯಾಯಿತು. ಅದರ ಆರ್‌ಓಎನ್ ಕನಿಷ್ಠ 95 ಇರಬೇಕೆಂದು ನಿಯಮ. ಹಾಗಾದರೆ ನಮ್ಮ ಸಮಸ್ಯೆ ಮುಗಿಯಿತು ಅಂತ ಅನಿಸುತ್ತದೆ. ಮುಗಿದಿಲ್ಲ. ಎಥನಾಲ್ ಆರ್‌ಓಎನ್ ಅನ್ನು ಎತ್ತುವಷ್ಟು ಎಂಓಎನ್ ಅನ್ನು ಎತ್ತುವುದಿಲ್ಲ. ಗಂಟೆಗಟ್ಟಲೆ ಬಿಸಿಯಲ್ಲಿ ದುಡಿಯುವ ದೋಣಿಗೆ ಬೇಕಾದದ್ದು ಎಂಓಎನ್. ಹೆಚ್ಚಿನ ದೋಣಿ ಇಂಜಿನ್ ಕಂಪನಿಗಳು ಒಪ್ಪುವುದೂ ಶೇ. 10 ಎಥನಾಲ್‌ವರೆಗೆ ಮಾತ್ರ. ಅಮೆರಿಕದಲ್ಲಿ ಶೇ. 15 ಇರುವ ಪೆಟ್ರೋಲನ್ನು ದೋಣಿಗೆ ಹಾಕುವುದೇ ಕಾನೂನಿಗೆ ವಿರುದ್ಧ.

ನನಗೆ ಇದಕ್ಕಿಂತ ಜಾಸ್ತಿ ಚಿಂತೆ ನೀರಿನದು. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ದೋಣಿಯ ಟ್ಯಾಂಕ್ ಉಸಿರಾಡುವುದು ಕಡಲ ಗಾಳಿಯನ್ನು. ಮಳೆಗಾಲದ ರಜೆಯಲ್ಲಿ ದೋಣಿ ಎರಡು ತಿಂಗಳು ದಡದಲ್ಲಿ ನಿಲ್ಲುತ್ತದೆ. ನೀರು ಮಿತಿ ದಾಟಿದ ಕೂಡಲೇ ಎಥನಾಲ್ ನೀರಿನ ಜೊತೆ ತಳಕ್ಕೆ ಇಳಿಯುತ್ತದೆ. ಮೇಲೆ ಉಳಿದ ಪೆಟ್ರೋಲಿನಲ್ಲಿ ಎಥನಾಲ್ ಕೊಟ್ಟಿದ್ದ ಆಕ್ಟೇನ್ ಇರುವುದಿಲ್ಲ. ಬಂಕಿನಲ್ಲಿ ಸರಿಯಾದ ಅಂಕವನ್ನೇ ಕೊಂಡಿರುತ್ತೀರಿ, ಟ್ಯಾಂಕಿನಲ್ಲಿ ಅದು ಇಳಿದಿರುತ್ತದೆ. ಆದ್ದರಿಂದ ರಜೆಗೆ ಮೊದಲು ಟ್ಯಾಂಕ್ ಖಾಲಿ ಮಾಡಿ, ನೀರು ಬೇರೆ ಮಾಡುವ ಫಿಲ್ಟರ್ ಬದಲಿಸಿ. ಹಳೆಯ ಪೆಟ್ರೋಲಿಗೆ ಎಕ್ಸ್‌ಪಿ 100ರಂಥ 100 ಆಕ್ಟೇನಿನ ದುಬಾರಿ ಪೆಟ್ರೋಲ್ ಸುರಿದರೆ ತಳದ ನೀರು ಎಲ್ಲಿಗೂ ಹೋಗುವುದಿಲ್ಲ.

ನಿಮ್ಮ ಪೆಟ್ರೋಲಿನಲ್ಲಿ ಎಥನಾಲ್ ಎಷ್ಟಿದೆ ಎಂದು ನೀವೇ ನೋಡಬಹುದು. 100 ಮಿಲಿಯ ಅಳತೆ ಸಿಲಿಂಡರ್ ತಗೊಳ್ಳಿ. 10ರವರೆಗೆ ನೀರು, 100ರವರೆಗೆ ಪೆಟ್ರೋಲ್. ಮುಚ್ಚಿ ಕುಲುಕಿ ಹತ್ತು ನಿಮಿಷ ಬಿಡಿ. ತಳದ ನೀರು 10ರಲ್ಲೇ ನಿಂತರೆ ಎಥನಾಲ್ ಇಲ್ಲ. 28ರ ಹತ್ತಿರ ಏರಿದರೆ ಅದು ಇ20. ಒಬ್ಬೊಬ್ಬರೂ ನಿಮ್ಮ ಟ್ಯಾಂಕಿನಿಂದ ಅರ್ಧ ಲೋಟ ತಂದಿದ್ದೀರಿ ತಾನೇ? ಬೀಡಿ, ಸಿಗರೇಟು ಎಲ್ಲ ಒಳಗಿಡಿ. ಹೊರಗೆ ಬಯಲಿಗೆ ಬನ್ನಿ, ಮಾಡಿ ನೋಡೋಣ.