ಬಂಕಿನಲ್ಲಿ ಒಂದು ಫಿಲ್ಟರ್ ಪೇಪರ್

[ದೃಶ್ಯ: ಪೆಟ್ರೋಲ್ ಬಂಕ್, ಸ್ಕೂಟರ್‌ಗಳ ಸಾಲು]

ನಮಸ್ಕಾರ. ಪೆಟ್ರೋಲ್ ಹಾಕಿಸುವಾಗ ಮೀಟರ್‌ನಲ್ಲಿ ಸೊನ್ನೆ ಇದೆಯಾ ಅಂತ ಕತ್ತು ಚಾಚಿ ನೋಡುತ್ತೇವೆ, ಅಲ್ವಾ? ಪೈಪಿನಲ್ಲಿ ಬರುತ್ತಿರುವುದು ಪೆಟ್ರೋಲೇ ತಾನೇ ಅಂತ ಯಾರೂ ನೋಡುವುದಿಲ್ಲ. ಅದನ್ನು ನೋಡುವುದಕ್ಕೆಂದೇ ಸಂಬಳ ಪಡೆಯುವವರಿದ್ದಾರೆ. ಇವತ್ತು ಅಂಥ ಒಬ್ಬರ ಕಥೆ.

[ನಕ್ಷೆ: ಕೆಜಿಎಫ್, ಮೈಸೂರು, ಲಖನೌ]

ಷಣ್ಮುಗಂ ಮಂಜುನಾಥ್. ಬೆಳೆದದ್ದು ನಮ್ಮ ಕೆಜಿಎಫ್‌ನಲ್ಲಿ. ಮೈಸೂರಿನ ಎಸ್‌ಜೆಸಿಇಯಲ್ಲಿ ಎಂಜಿನಿಯರಿಂಗ್, ಆಮೇಲೆ ಲಖನೌ ಐಐಎಂ. ಮುಗಿಸಿ ಇಂಡಿಯನ್ ಆಯಿಲ್‌ನಲ್ಲಿ ಸೇಲ್ಸ್ ಆಫೀಸರ್ ಆದರು. ಉತ್ತರ ಪ್ರದೇಶದ ಲಖೀಂಪುರ ಖೇರಿ ಜಿಲ್ಲೆಯ ಬಂಕ್‌ಗಳು ಅವರ ಪಾಲಿಗೆ ಬಂದವು.

[ಕ್ಲೋಸಪ್: ಗಾಜಿನ ಜಾರ್, ತೇಲುವ ಹೈಡ್ರೋಮೀಟರ್]

ಬಂಕ್ ತಪಾಸಣೆ ಅಂದರೆ ಸಿನಿಮಾ ರೇಡ್ ಅಲ್ಲ. ಗಾಜಿನ ಜಾರ್‌ಗೆ ಡೀಸೆಲ್ ತುಂಬಬೇಕು. ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಳಿಬಿಡಬೇಕು. ಉಷ್ಣಾಂಶ ಓದಿ, ಸಾಂದ್ರತೆಯನ್ನು 15 ಡಿಗ್ರಿ ಲೆಕ್ಕಕ್ಕೆ ತರಬೇಕು. ಟ್ಯಾಂಕರ್ ಬಂದಾಗ ಬರೆದಿಟ್ಟ ಅಂಕಿಗೂ ಇದಕ್ಕೂ ಘನ ಮೀಟರಿಗೆ 3 ಕೆಜಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಏನೋ ಬೆರೆತಿದೆ ಅಂತ ಅನುಮಾನ. ನಿಜ ಹೇಳಬೇಕೆಂದರೆ, ಬೇಜಾರಿನ ಕೆಲಸ.

ಬೆರೆಸುತ್ತಿದ್ದದ್ದು ಏನನ್ನು? ಸೀಮೆಎಣ್ಣೆ. 2005ರಲ್ಲಿ ರೇಷನ್ ಸೀಮೆಎಣ್ಣೆ ಲೀಟರಿಗೆ 9-10 ರೂಪಾಯಿ, ಡೀಸೆಲ್ 30ರ ಆಸುಪಾಸು. ಬ್ಲಾಕ್‌ನಲ್ಲಿ ಒಂದಿಷ್ಟು ಜಾಸ್ತಿ ಕೊಟ್ಟು ತಂದರೂ ಭರ್ತಿ ಲಾಭ. ಬಡವರ ಮನೆಯ ಸ್ಟೌವಿಗೆ ಹೋಗಬೇಕಾದದ್ದು ಲಾರಿಯ ಎಂಜಿನ್ ಸೇರುತ್ತಿತ್ತು.

ಕಲಬೆರಕೆ ಸಿಕ್ಕ ಬಂಕನ್ನು ಮಂಜುನಾಥ್ ಮುಚ್ಚಿಸಿದರು. ಅದು ಮತ್ತೆ ತೆರೆಯಿತು. 2005ರ ನವೆಂಬರ್ 19ರಂದು ಅವರು ಮತ್ತೆ ಅಲ್ಲಿಗೆ ಹೋದರು. ಅವರನ್ನು ಗುಂಡು ಹಾರಿಸಿ ಕೊಂದರು. ಶವ ಸಿಕ್ಕಿದ್ದು ಪಕ್ಕದ ಸೀತಾಪುರ ಜಿಲ್ಲೆಯಲ್ಲಿ, ಅವರದೇ ಕಾರಿನಲ್ಲಿ. ವಯಸ್ಸು 27.

[ಸ್ವಲ್ಪ ಹೊತ್ತು ಮೌನ]

ಎಲ್ಲರೂ ಅವರನ್ನು ಹೀರೋ ಅಂದರು. ತಪ್ಪಲ್ಲ, ಆದರೆ ಆ ಮಾತು ಕೇಳಿದಾಗ ನನಗೆ ಒಂಥರಾ ಕಿರಿಕಿರಿ. "ಅವರು ದೊಡ್ಡವರು ಬಿಡಿ, ನಾವೆಲ್ಲಿ" ಅಂತ ಜಾರಿಕೊಳ್ಳೋಕೆ ಅದು ಒಳ್ಳೇ ನೆಪ. ಅವರು ಮಾಡಿದ್ದು ಅವರ ಡ್ಯೂಟಿಯಲ್ಲಿದ್ದ ಕೆಲಸವನ್ನೇ. ನನಗೆ ಕಾಡುವುದು ಆ ಎರಡನೇ ಸಲದ ಭೇಟಿ. ಮೊದಲ ಸಲ ಹುಮ್ಮಸ್ಸಿನಲ್ಲಿ ಯಾರಾದರೂ ಹೋಗಿಬಿಡಬಹುದು. ಎರಡನೇ ಸಲ ಹೋಗುವಾಗ ಅಲ್ಲಿ ಯಾರ ಹೊಟ್ಟೆ ಉರಿಯುತ್ತಿದೆ ಅಂತ ಗೊತ್ತಿರುತ್ತದೆ.

ನನ್ನ ಮೊದಲ ಕೆಲಸದಲ್ಲಿ, ಮಾಡದೇ ಇದ್ದ ತಪಾಸಣೆಗೆ ಹಿಂದಿನ ತಾರೀಕು ಹಾಕಿ ಸಹಿ ಮಾಡು ಅಂದಿದ್ದರು. ಮಾಡಿದೆ. ಯಾರೂ ಪಿಸ್ತೂಲು ತೋರಿಸಿರಲಿಲ್ಲ. "ಸುಮ್ನೆ ಹಾಕಪ್ಪ, ಎಲ್ಲರೂ ಹಾಕ್ತಾರೆ" ಅಂದರು, ಅಷ್ಟೇ. ಆಮೇಲೆ ಟೀ ಬೇರೆ ಕೊಡಿಸಿದರು.

ಮಂಜುನಾಥ್ ಕೇಸು ಮಾತ್ರ ತಣ್ಣಗಾಗಲಿಲ್ಲ. ಅವರ ಐಐಎಂ ಗೆಳೆಯರು ಟ್ರಸ್ಟ್ ಕಟ್ಟಿ ಬೆನ್ನು ಹತ್ತಿದರು. 2007ರಲ್ಲಿ ಸೆಷನ್ಸ್ ಕೋರ್ಟ್ ಮುಖ್ಯ ಆರೋಪಿಗೆ ಗಲ್ಲು ಶಿಕ್ಷೆ ಕೊಟ್ಟಿತು. ಹೈಕೋರ್ಟ್ ಅದನ್ನು ಜೀವಾವಧಿಗೆ ಇಳಿಸಿತು. 2015ರಲ್ಲಿ ಸುಪ್ರೀಂ ಕೋರ್ಟ್ ಆ ಜೀವಾವಧಿಯನ್ನು ಎತ್ತಿಹಿಡಿಯಿತು. ಹತ್ತು ವರ್ಷ.

[ದೃಶ್ಯ: ಮೊಬೈಲ್‌ನಲ್ಲಿ ತೆಗೆದ ವಿಡಿಯೋ]

ಈ ವಿಡಿಯೋ ಮಾಡುವ ಮುಂಚೆ ನಮ್ಮ ಏರಿಯಾದ ಬಂಕಿನಲ್ಲಿ ಫಿಲ್ಟರ್ ಪೇಪರ್ ಕೇಳಿದೆ. ಗಿರಾಕಿ ಕೇಳಿದರೆ ಕೊಡಲೇಬೇಕು. ಅದರ ಮೇಲೆ ಬಿಟ್ಟ ಪೆಟ್ರೋಲ್ ಹನಿ ಆರಿದ ಮೇಲೆ ಕಲೆ ಉಳಿದರೆ ಕಲಬೆರಕೆ ಅಂತ ಅನುಮಾನ. ಹುಡುಗ ನನ್ನ ಮುಖ ನೋಡಿದ, ಒಳಗೆ ಹೋಗಿ ಡ್ರಾಯರ್ ಎಲ್ಲಾ ತಡಕಾಡಿ ತಂದ. ನಾಜಲ್ ತುದಿ ಒರೆಸಿ ಒಂದು ಹನಿ ಬಿಟ್ಟ. ಹಿಂದಿನಿಂದ ಹಾರ್ನ್. "ಏನ್ ಸಾರ್, ಬೇಗ" ಅಂತ ಇನ್ನೊಬ್ಬರು. ಎರಡು ನಿಮಿಷ ಕಾದೆವು, ನಾನೂ ಆ ಹುಡುಗನೂ, ಆ ಕಾಗದವನ್ನೇ ನೋಡುತ್ತಾ.

ಹನಿ ಆರಿತು. ಕಲೆ ಉಳಿದಿರಲಿಲ್ಲ. "ಇದನ್ನ ಕೇಳಿದ್ದು ನೀವೇ ಫಸ್ಟು ಸಾರ್" ಅಂದ.