ಪೀಠಿಕೆಯಲ್ಲೇ ಬೆಳಗಾದ್ರೆ

ಎಲ್ರಿಗೂ ನಮಸ್ಕಾರ. ನಾನಿವತ್ತು ಯಾವುದ್ರ ಬಗ್ಗೆ ಮಾತಾಡ್ತೀನಿ ಅಂತ ಕೇಳಿ ನಮ್ಮಮ್ಮ, ರೇಡಿಯೋದಲ್ಲಿ ಹೇಳೋಕೆ ನಿಂಗೆ ಬೇರೆ ಏನೂ ಸಿಗ್ಲಿಲ್ವಾ ಮಾರಾಯ ಅಂದ್ರು. ವಿಷಯ ಆನ್‌ಲೈನ್ ರೋಲ್‌ಪ್ಲೇ. ಒಂದು ಪಾತ್ರ ಕಟ್ಕೊಂಡು, ಆ ಪಾತ್ರವಾಗೇ ಬೇರೆಯವ್ರ ಪಾತ್ರಗಳ ಜೊತೆ ಟೈಪ್ ಮಾಡ್ತಾ ಮಾತಾಡೋದು, ಸ್ಕ್ರಿಪ್ಟ್ ಇಲ್ಲ ಡೈರೆಕ್ಟರ್ ಇಲ್ಲ, ಎದುರಿನವ್ರು ಏನ್ ಹೇಳ್ತಾರೋ ಅದ್ಕೆ ತಕ್ಕ ಹಾಗೆ ನಾವು. ನಮ್ಮ ಪುತ್ತೂರು ಕಡೆಯವ್ರಿಗೆ ಇಷ್ಟು ಹೇಳಿದ್ರೆ, ಓ, ತಾಳಮದ್ದಳೆ ಅಲ್ವಾ ಅಂತಾರೆ. ಹೌದು, ಹತ್ತಿರ ಹತ್ತಿರ ಅದೇ. ವೇಷ ಇಲ್ಲ, ಕುಣಿತ ಇಲ್ಲ, ಭಾಗವತರು ಪದ ಹೇಳಿದ್ ಮೇಲೆ ಅರ್ಥಧಾರಿ ಕೂತಲ್ಲೇ, ಬರೀ ಮಾತಲ್ಲೇ ಕರ್ಣ ಆಗ್ತಾರೆ.

ನಾನು ಆಡೋದು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್, 2004ರಲ್ಲಿ ಬಂದ ಗೇಮು. ಅದ್ರಲ್ಲಿ ರೋಲ್‌ಪ್ಲೇಗೆ ಅಂತಾನೇ ಬೇರೆ ಸರ್ವರ್‌ಗಳಿವೆ, ನಾನಿರೋದು ಯುರೋಪಿನ ಆರ್ಜೆಂಟ್ ಡಾನ್ ಅನ್ನೋ ಸರ್ವರಲ್ಲಿ, ಚಳಿಗಾಲದಲ್ಲಿ ಜರ್ಮನಿಯವ್ರಿಗೆ ರಾತ್ರಿ ಎಂಟಾದ್ರೆ ನಂಗೆ ಹನ್ನೆರಡೂವರೆ, ಆಫೀಸಲ್ಲಿ ಮಾರನೇ ದಿನ ನನ್ನ ಮುಖ ಹೇಗಿರುತ್ತೆ ಅಂತ ಕೇಳ್ಬೇಡಿ. ಗೇಮಲ್ಲಿ ಪಾತ್ರದ ಕಥೆ ಬರೆಯೋಕೆ ಜಾಗ ಇಲ್ಲ. ಅದ್ಕೆ ಆಟಗಾರರು ಟೋಟಲ್ ಆರ್‌ಪಿ 3 ಅನ್ನೋ ಆಡ್‌ಆನ್, ಅಂದ್ರೆ ಗೇಮಿಗೆ ಸೇರಿಸ್ಕೊಳ್ಳೋ ಪುಟ್ಟ ಸಾಫ್ಟ್‌ವೇರ್, ಹಾಕ್ಕೋತಾರೆ. ಯಾರ ಮೇಲಾದ್ರೂ ಮೌಸ್ ಇಟ್ರೆ ಹೆಸ್ರು, ಕಸುಬು ಕಾಣುತ್ತೆ, 'ಮೊದಲ ನೋಟಕ್ಕೆ' ಅಂತ ಐದು ಪುಟ್ಟ ಚೌಕ ಇರುತ್ತೆ, ಒಳಗೆ ಹೋದ್ರೆ ಪುಟಗಟ್ಟಲೆ ಚರಿತ್ರೆ ಬರೆಯೋಕೂ ಜಾಗ. ಆ ಪುಟಗಟ್ಟಲೆ ಜಾಗನೇ ನನ್ನ ಹಾಳು ಮಾಡಿದ್ದು.

ನನ್ನ ಪಾತ್ರ ಒಬ್ಬ ನಾರುಬೇರು ಮಾರೋ ಅಜ್ಜ. ತಪ್ಪು ಬೇರು ಅರೆದು ಕೊಟ್ಟು ಸ್ವಂತ ತಮ್ಮನ್ನ ಸಾಯ್ಸಿ, ಹೆಸ್ರು ಬದಲಾಯಿಸ್ಕೊಂಡು ಊರು ಬಿಟ್ಟು ಬಂದವ್ನು. ಎರಡು ರಾತ್ರಿ ಕೂತು ಹುಟ್ಟಿನಿಂದ ಹಿಡ್ದು ಎಲ್ಲಾ ಬರೆದೆ, ತಮ್ಮ ಕೊನೇಗೆ ಏನಂದ ಅನ್ನೋದೂ ಸೇರಿ. ಮೊದಲ್ನೇ ದಿನ ಗೇಮೊಳಗಿನ ಸ್ಟಾರ್ಮ್‌ವಿಂಡ್ ಪೇಟೆಯ ಒಂದು ಹೋಟ್ಲಲ್ಲಿ ಅಜ್ಜನ್ನ ಕೂರಿಸಿದ್ದೆ. ಒಬ್ಬ ಸಿಪಾಯಿ ಸೀದಾ ಬಂದು, ಏನಜ್ಜ, ತಮ್ಮಂಗೆ ವಿಷ ಹಾಕಿ ಇಲ್ಲಿ ಬಂದು ಕೂತಿದ್ದೀಯಾ ಅಂದ. ಮುಗೀತು. ಇದ್ಕೆ ಮೆಟಾಗೇಮಿಂಗ್ ಅಂತಾರೆ, ಆಟಗಾರ ಓದಿ ತಿಳ್ಕೊಂಡಿದ್ದನ್ನ ಪಾತ್ರಕ್ಕೂ ಗೊತ್ತು ಅನ್ನೋ ಹಾಗೆ ಆಡೋದು. ನಂಗೆ ಮೈಯೆಲ್ಲ ಉರೀತು. ಆದ್ರೆ ಅದೇ ವಾರ ಇನ್ನೊಬ್ರು ಬಂದು, ಎರಡೆರಡು ಬ್ರಾಕೆಟ್ ಹಾಕಿ, ಅಂದ್ರೆ ಪಾತ್ರದಿಂದ ಹೊರಗೆ ಬಂದು, ನಿಮ್ಮ ಅಜ್ಜನ ಕಥೆ ಪೂರ್ತಿ ಓದ್ದೆ, ತುಂಬಾ ಚೆನ್ನಾಗಿದೆ ಅಂತ ಹೊಗಳಿ ಹೊರಟೇ ಹೋದ್ರು. ಸಿಪಾಯಿಗಿಂತ ಇದು ಜಾಸ್ತಿ ನೋವಾಯ್ತು, ಯಾಕಂದ್ರೆ ಅಜ್ಜನ ಹತ್ರ ಕೇಳೋಕೆ ಅವ್ರಿಗೆ ಏನೂ ಉಳಿದಿರ್ಲಿಲ್ಲ.

ನಮ್ಮೂರ ದೇವಸ್ಥಾನದಲ್ಲಿ ತಾಳಮದ್ದಳೆ ಆದಾಗ ಯಾರಾದ್ರೂ ಪೀಠಿಕೆ ಎಳೆದ್ರೆ ನಮ್ಮಜ್ಜ ಎಲೆಗೆ ಸುಣ್ಣ ಹಚ್ತಾ, ಪೀಠಿಕೆಯಲ್ಲೇ ಬೆಳಗಾಗುತ್ತೆ ಇವಂದು, ಅಂತಿದ್ರು. ಪಾತ್ರ ಬಾಯಿ ಬಿಟ್ಟು ತನ್ನ ಪರಿಚಯ, ಮನಸ್ಥಿತಿ ಹೇಳ್ಕೊಳ್ಳೋ ಮೊದಲ ಮಾತೇ ಪೀಠಿಕೆ. ಆಡ್‌ಆನಲ್ಲಿ ನಾವು ಬರೆಯೋ ಪಾತ್ರದ ಪ್ರೊಫೈಲೂ ಅದೇ ಅಲ್ವಾ. ಆದ್ರೆ ಇಲ್ಲೊಂದು ಪ್ರಶ್ನೆ ಬರುತ್ತೆ, ಕರ್ಣಪರ್ವದಲ್ಲಿ ಕರ್ಣ ಯಾರ ಮಗ ಅಂತ ಸಭೆಗೆಲ್ಲ ಗೊತ್ತು, ಅರ್ಜುನನ ಅರ್ಥ ಹೇಳೋರಿಗೂ ಗೊತ್ತು, ಆದ್ರೂ ಆಟ ಕೆಡಲ್ಲ. ಅರ್ಜುನಂಗೆ ಗೊತ್ತಿಲ್ಲ, ಹಾಗಾಗಿ ಅರ್ಥಧಾರಿ ಬಾಯಿಂದ ಅಣ್ಣ ಅನ್ನೋ ಶಬ್ದ ಜಾರಲ್ಲ. ಅದು ವರ್ಷಗಟ್ಟಲೆ ಕೂತು ಕಲ್ತಿರೋ ಸಂಯಮ. ನಿನ್ನೆ ಸಿಕ್ಕಿದ, ಮುಖ ನೋಡಿರದ ಸಿಪಾಯಿ ಹತ್ರ ಅದನ್ನ ನಿರೀಕ್ಷೆ ಮಾಡಿದ್ದು ನನ್ನ ಪೆದ್ದುತನ.

ಹಳೇ ಕಾಲದವ್ರಿಗೆ ಈ ತಲೆನೋವು ಕಮ್ಮಿ ಇತ್ತು. 1989ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ಯೂನಿವರ್ಸಿಟಿಯಲ್ಲಿ ಜೇಮ್ಸ್ ಆಸ್ಪ್ನೆಸ್ ಅನ್ನೋರು ಟೈನಿಮಡ್ ಮಾಡಿದ್ರು, ಬರೀ ಅಕ್ಷರದ ಲೋಕ, 'ಲುಕ್' ಅಂತ ಹೆಸ್ರು ಸೇರಿಸಿ ಟೈಪ್ ಮಾಡಿದ್ರೆ ಎದುರಿರೋ ಪಾತ್ರದ ವರ್ಣನೆ ಬರ್ತಿತ್ತು. ಆಗಿನ ಸಾಮಾನ್ಯ ಕಂಪ್ಯೂಟರ್ ಟರ್ಮಿನಲ್‌ಗಳ ಪರದೆಯಲ್ಲಿ ಸಾಲಿಗೆ 80 ಅಕ್ಷರ, ಒಟ್ಟು 24 ಸಾಲು, ಉದ್ದ ಬರೆದ್ರೆ ಮೇಲಿನ ಮಾತುಕತೆ ಪರದೆಯಿಂದ ಓಡಿ ಹೋಗೋದು. ಈಗ್ಲೂ ಡಿಸ್ಕಾರ್ಡ್ ಅನ್ನೋ ಚಾಟ್ ಆ್ಯಪಲ್ಲಿ ದುಡ್ಡು ಕೊಡ್ದೇ ಇದ್ರೆ ಒಂದು ಮೆಸೇಜಿಗೆ 2000 ಅಕ್ಷರ ಅಷ್ಟೇ, ಅದು ಒಳ್ಳೇದೇ ಆಯ್ತು ಅಂತ ನಂಗನ್ಸುತ್ತೆ.

ಆಮೇಲೆ ನಾನು ಚರಿತ್ರೆ ಪೂರ್ತಿ ಡಿಲೀಟ್ ಮಾಡ್ದೆ. ಐದು ಚೌಕದಲ್ಲಿ ಮೂರನ್ನೇ ತುಂಬ್ಸಿದ್ದು. ಬಲಗೈಗೆ ಮಾತ್ರ ಗ್ಲೌಸ್. ಎಡಗಾಲು ಸ್ವಲ್ಪ ಎಳೀತಾನೆ. ಬೇರೆಯವ್ರು ಕೊಟ್ಟ ನೀರು ಕುಡಿಯಲ್ಲ. ಕಣ್ಣಿಗೆ ಕಾಣೋದು ಅಷ್ಟೇ, 'ಇವನ್ನ ನೋಡಿದ್ರೆ ನಿಮಗೆ ಹೆದ್ರಿಕೆ ಆಗುತ್ತೆ' ಅಂತೆಲ್ಲ ಬರೀಬಾರ್ದು, ಹೆದರ್ಬೇಕೋ ಬೇಡ್ವೋ ಅವ್ರ ಪಾತ್ರಕ್ಕೆ ಬಿಟ್ಟಿದ್ದು. ಒಂದಿನ ಬ್ರೆಡ್ ಮಾರೋ ಹುಡುಗಿ ಪಾತ್ರವೊಂದು ಒಂದು ಲೋಟ ನೀರು ಕೊಡ್ತು, ಅಜ್ಜ ಬೇಡ ಅಂದ. ಯಾಕಜ್ಜ ಅಂತ ಕೇಳಿದ್ಳು. ಆ ಒಂದು ಪ್ರಶ್ನೆಯಿಂದ ಮೂರು ವಾರ ಆಟ ನಡೀತು, ಕೊನೆಗೆ ಅಜ್ಜ ಬಾಯಿ ಬಿಟ್ಟಾಗ ನಾನೇ ಟೈಪ್ ಮಾಡ್ತಾ ಗಾಬರಿ ಆದೆ, ಆ ಬೇರು ತಪ್ಪಿ ಅರೆದದ್ದಲ್ಲ ಅಂದ್ಬಿಟ್ಟ. ಪ್ರೊಫೈಲಲ್ಲಿ ಮೊದ್ಲೇ ಬರೆದು ಕೂರಿಸಿದ್ರೆ ಈ ಮಾತು ಅವ್ನ ಬಾಯಿಗೆ ಬರ್ತಿರ್ಲಿಲ್ಲ.

ಬಿಚ್ಚಿ ಬರೀಬೇಕಾದ ಜಾಗ ಒಂದಿದೆ, ಅದು ಪಾತ್ರದ್ದಲ್ಲ, ಆಡಿಸೋರದ್ದು. ನಾನು ದೊಡ್ಡವ್ನು, ಚಿಕ್ಕ ಮಕ್ಕಳ ಜೊತೆ ಆಡಲ್ಲ, ಚಿತ್ರಹಿಂಸೆ ಬೇಡ, ಇಂಗ್ಲಿಷ್ ನನ್ನ ಮನೆಮಾತಲ್ಲ ಸ್ವಲ್ಪ ತಡ ಆಗುತ್ತೆ. ಇದನ್ನ ಮುಚ್ಚಿಟ್ರೆ ಜಗಳ ಗ್ಯಾರಂಟಿ. ಆದ್ರೆ ಅಲ್ಲೂ ನಾನು ಎಡವಿದೀನಿ, ಬೆಂಗಳೂರು ಅಂತ ಹಾಕಿದ್ದೆ, ಶಿಫ್ಟ್ ಟೈಮು ಹಾಕಿದ್ದೆ, ಅಜ್ಜನ ಹುಟ್ಟುಹಬ್ಬಕ್ಕೆ ನನ್ನ ತಾರೀಕೇ ಕೊಟ್ಟಿದ್ದೆ, ನಿಕ್‌ನೇಮ್ ಬೇರೆ ಎಲ್ಲಾ ಕಡೆ ಒಂದೇ. ಆ ದಿನ ಗುರ್ತೇ ಇಲ್ದಿರೋ ಒಬ್ರು ನನ್ನ ನಿಜವಾದ ಹೆಸ್ರು ಹಿಡ್ದು ಹ್ಯಾಪಿ ಬರ್ತ್‌ಡೇ ಅಂದ್ರು. ಕೆಟ್ಟ ಉದ್ದೇಶ ಇರ್ಲಿಲ್ಲವೋ ಏನೋ. ನಾನಂತೂ ಅವತ್ತು ಲ್ಯಾಪ್‌ಟಾಪ್ ಮುಚ್ಚಿಟ್ಟು ಮಲಗ್ದೆ, ನಿದ್ದೆ ಬರ್ಲಿಲ್ಲ.

ನಿನ್ನೆ ರಾತ್ರಿ ಅಮ್ಮ ನೀರು ಕುಡಿಯೋಕೆ ಎದ್ದವ್ರು ನನ್ನ ಹಿಂದೆ ನಿಂತು ಸ್ಕ್ರೀನ್ ನೋಡಿದ್ರು. ಆ ಮೂರು ಚೌಕದಲ್ಲಿ ಏನಿದೆ ಅಂತ ಓದಿಸ್ಕೊಂಡ್ರು. ಸ್ವಲ್ಪ ಹೊತ್ತು ಸುಮ್ನಿದ್ದು, ಅದ್ಯಾಕಾ ಒಂದೇ ಕೈಗೆ ಗ್ಲೌಸು ಅಂದ್ರು. ನಾನು ಹೇಳ್ಲಿಲ್ಲ. ನಮಸ್ಕಾರ.