ರಸ್ತೆ ಪಕ್ಕದ ಕಲ್ಲಿಗೆ ಒಂದು ಬೋರ್ಡು

ಎಲ್ಲರಿಗೂ ನಮಸ್ಕಾರ. ನನಗೆ ಕೊಟ್ಟಿರುವ ವಿಷಯ ‘ನಮ್ಮ ಪ್ರವಾಸಿ ತಾಣಗಳು’. ಹಂಪಿ, ಬೇಲೂರು, ಬಾದಾಮಿ ಬಗ್ಗೆ ನನಗಿಂತ ಚೆನ್ನಾಗಿ ಹೇಳುವವರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಅದಕ್ಕೇ ನಾನು ಬಸ್ಸು ನಿಲ್ಲದ ಜಾಗಗಳ ಬಗ್ಗೆ ಮಾತಾಡುತ್ತೇನೆ. ಕಾರಣವೂ ಇದೆ. ಕೆರೆ ಏರಿ ಮೇಲಿನ ರಸ್ತೆ ಅಗಲ ಮಾಡಲು ಗುರುತು ಹಾಕಿರುವುದನ್ನು ನೋಡಿದ್ದೀರಿ, ಅಲ್ವಾ? ಆ ಗುರುತಿನ ಒಳಗೆ ಎರಡು ವೀರಗಲ್ಲು, ಅಂದರೆ ಹೋರಾಡಿ ಸತ್ತವರ ನೆನಪಿಗೆ ನೆಟ್ಟ ಕಲ್ಲುಗಳು, ಬರುತ್ತವೆ. ಒಂದರ ಮೇಲೆ ಈಗ ಬಟ್ಟೆ ಒಗೆಯುತ್ತಾರೆ. ಒಗೆಯಲಿ ಬಿಡಿ, ಜೆಸಿಬಿಗಿಂತ ಸೋಪು ವಾಸಿ.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು. ಸಾಮಾನ್ಯವಾಗಿ ಮೂರು ಅಂತಸ್ತು ಇರುತ್ತದೆ. ಕೆಳಗೆ ಜಗಳ: ದನ ಹೊಡೆದುಕೊಂಡು ಹೋಗುವವರ ಜೊತೆಗೋ, ಊರ ಮೇಲೆ ಬಿದ್ದವರ ಜೊತೆಗೋ. ನಡುವೆ ಅಪ್ಸರೆಯರು ಸತ್ತವನ ತೋಳು ಹಿಡಿದು ಮೇಲೆ ಕರೆದುಕೊಂಡು ಹೋಗುತ್ತಾರೆ. ಮೇಲೆ ಲಿಂಗದ ಮುಂದೆ ಅವನು ಕೈಮುಗಿದು ಕೂತಿದ್ದಾನೆ, ಪಕ್ಕದಲ್ಲಿ ಸೂರ್ಯ, ಚಂದ್ರ. ಇಷ್ಟು ಗೊತ್ತಿದ್ದರೆ ಮೂರನೇ ಕ್ಲಾಸಿನ ಮಗು ಕೂಡ ಕಲ್ಲಿನ ಕಥೆ ಹೇಳುತ್ತದೆ. ಆದರೆ ಹೇಳಿಕೊಡುವವರು ಬೇಕಲ್ಲ. ಅದಕ್ಕೇ ನಾನು ಹೋದಲ್ಲೆಲ್ಲ ಒಂದೇ ಮಾತು ಹೇಳುವುದು: ಒಂದು ಬೋರ್ಡು ಹಾಕಿ.

ಈಗ ನನ್ನ ಇಷ್ಟದ ಕಥೆ. ಇದನ್ನು ಮೊದಲೇ ಕೇಳಿರುವವರು ಕ್ಷಮಿಸಬೇಕು, ನಾನಂತೂ ಬಿಡುವುದಿಲ್ಲ. ಮಂಡ್ಯ ಜಿಲ್ಲೆಯ ಆತಕೂರು. ಕಾಲ 949–50. ಈಗಿನ ತಮಿಳುನಾಡಿನ ತಕ್ಕೋಲದಲ್ಲಿ ರಾಷ್ಟ್ರಕೂಟರಿಗೂ ಚೋಳರಿಗೂ ದೊಡ್ಡ ಯುದ್ಧ ಆಯಿತು. ರಾಷ್ಟ್ರಕೂಟ ದೊರೆ ಮೂರನೇ ಕೃಷ್ಣನ ಕಡೆ ಗಂಗರ ದೊರೆ ಬೂತುಗ. ಬೂತುಗನ ಕೈಕೆಳಗೆ ಮಣಲೇರ ಎಂಬ ವೀರ. ಅವನು ಹೋರಾಡಿದ ರೀತಿಗೆ ಬೂತುಗ ಖುಷಿಯಾಗಿ, ಏನು ಬೇಕೋ ಕೇಳು ಎಂದ. ನಾವಾಗಿದ್ದರೆ ಏನು ಕೇಳುತ್ತಿದ್ದೆವು? ಹೆದ್ದಾರಿ ಪಕ್ಕ ಎರಡು ಸೈಟು! ಮಣಲೇರ ಕೇಳಿದ್ದು ಒಂದು ನಾಯಿ. ಬೂತುಗನ ಬೇಟೆನಾಯಿ, ಹೆಸರು ಕಾಳಿ.

ಮುಂದೆ ಬೆಳತೂರಿನ ಪಡುವಣ ಗುಡ್ಡದಲ್ಲಿ ಕಾಳಿಯನ್ನು ಒಂದು ಭಾರೀ ಹಂದಿಯ ಮೇಲೆ ಬಿಟ್ಟರು. ಹಂದಿಯೂ ನಾಯಿಯೂ ಒಟ್ಟಿಗೇ ಸತ್ತವು. ಆಗ ಚಲ್ಲೇಶ್ವರ ಗುಡಿಯ ಮುಂದೆ ಆ ನಾಯಿಗೆ ಕಲ್ಲು ನೆಡಿಸಿದರು. ಕಲ್ಲಿನ ಮೇಲೆ ನಾಯಿ, ಹಂದಿ ಎರಡೂ ಇವೆ, ಸುತ್ತ ಬರಹ. ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗ (ಖಂಡುಗ ಹಳೆಯ ಕಾಲದ ಅಳತೆ) ಭೂಮಿಯನ್ನೂ ಬಿಟ್ಟರು. ಗುಡಿ ನೋಡಿಕೊಳ್ಳುವ ಗೊರವ ಈ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿ ಮಾಡಿದ ಪಾಪವೆಲ್ಲ ಅವನಿಗೆ ಎಂದೂ ಬರೆಸಿದ್ದಾರೆ. ನಾಯಿ ಏನು ಪಾಪ ಮಾಡಿತ್ತೋ! ಪಕ್ಕದ ಮನೆಯ ಕೋಳಿ ಹಿಡಿದಿತ್ತೇನೋ. ಅದೇ ಕಲ್ಲಿನಲ್ಲಿ ತಕ್ಕೋಲದ ಯುದ್ಧವೂ, ಚೋಳ ರಾಜಾದಿತ್ಯನ ಸಾವೂ ಇವೆ. ಚರಿತ್ರೆಕಾರರಿಗೆ ಅದು ಮುಖ್ಯ. ನನಗೆ ಕಾಳಿ ಮುಖ್ಯ.

ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸುರಕ್ಷಿತವಾಗಿದೆ, ಒಪ್ಪುತ್ತೇನೆ. ಆದರೆ ಆತಕೂರಿಗೆ ಹೋದ ಮಗು ಕಾಳಿ ಎಲ್ಲಿ ಎಂದರೆ ಏನು ತೋರಿಸುವುದು? ಕಲ್ಲು ತೆಗೆದ ಕಡೆಯೂ ಬೋರ್ಡು ಬೇಕು ಎನ್ನುವುದು ಅದಕ್ಕೇ.

ಕಲ್ಲನ್ನು ಊರಲ್ಲೇ ಉಳಿಸಿಕೊಂಡವರೂ ಇದ್ದಾರೆ. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿ ಅಗೆಯುವಾಗ ಒಂದು ವೀರಗಲ್ಲು ಎದ್ದಿತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ಊರಿನ ಮೇಲೆ ದಾಳಿ ಆದಾಗ ಹೋರಾಡಿ ಸತ್ತ ಕಿತ್ತಯ್ಯನ ಕಲ್ಲು. ಅಲ್ಲಿನ ಜನ ಅದನ್ನು ಕಾಪಾಡಿ, ಮಂಟಪ ಕಟ್ಟಿ ನಿಲ್ಲಿಸಿದರು. ಅಪಾರ್ಟ್‌ಮೆಂಟಿನವರು, ಅಂಗಡಿಯವರು, ಟೆಕ್ಕಿಗಳು ಸುಮ್ನೆ ಇರಲಿಲ್ಲ. ನಮಗೇನಾಗಿದೆ?

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಐದು ನಿಮಿಷ ಅಂತೆ. ಮರಗಳ ಬಗ್ಗೆ ಹೇಳಬೇಕಿತ್ತು. ಕೇತೋಹಳ್ಳಿಯ ದೊಡ್ಡ ಆಲದ ಮರ ಗೊತ್ತಲ್ಲ, ಮೂರು ಎಕರೆ ಹರಡಿದೆ. ತಾಯಿ ಬುಡ ರೋಗ ಬಂದು ಹೋಯಿತು, ಬಿಳಲುಗಳೇ ಈಗ ಮರ. ದೇವನಹಳ್ಳಿ ಹತ್ತಿರ ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಆಯಿತು. ವಿಮಾನ ಹತ್ತಲು ಅದೇ ಕಡೆ ಹೋಗುತ್ತೀರಿ, ಒಂದು ಗಂಟೆ ಮೊದಲೇ ಹೊರಡಿ. ಶಿರಸಿಯ ಸಹಸ್ರಲಿಂಗಕ್ಕೆ ಬೇಸಿಗೆಯಲ್ಲಿ ಹೋಗಿ, ಶಾಲ್ಮಲೆಯ ನೀರು ಇಳಿದಾಗ ಲಿಂಗಗಳು ಜಾಸ್ತಿ ಕಾಣುತ್ತವೆ. ಉಳಿದದ್ದು ಇನ್ನೊಮ್ಮೆ.

ನಮ್ಮ ಎರಡು ಕಲ್ಲಿನ ಮಾತು ಮುಗಿಸಿಬಿಡುತ್ತೇನೆ. ಅರ್ಜಿ ಬರೆದು ತಂದಿದ್ದೇನೆ. ಕಲ್ಲುಗಳನ್ನು ಗುರುತಿನಿಂದ ಆಚೆ, ಅದೇ ಏರಿಯ ಮೇಲೆ, ಅದೇ ದಿಕ್ಕಿಗೆ ಮುಖ ಮಾಡಿ ನೆಡಬೇಕು ಎಂದಿದೆ. ಭಕ್ತಿಯಿಂದ ದಯವಿಟ್ಟು ಪೇಂಟ್ ಬಳಿಯಬೇಡಿ, ಅಕ್ಷರ ಮುಚ್ಚಿಹೋಗುತ್ತದೆ. ಬೋರ್ಡಿನ ಖರ್ಚು ನನ್ನದು. ಅರ್ಜಿ ಬಾಗಿಲ ಹತ್ತಿರದ ಮೇಜಿನ ಮೇಲಿದೆ, ಪೆನ್ನನ್ನೂ ದಾರ ಕಟ್ಟಿ ಇಟ್ಟಿದ್ದೇನೆ. ಊಟಕ್ಕೆ ಹೋಗುವ ಮುಂಚೆ ಸಹಿ ಹಾಕಿ.